ಮಾವನ ಕಾರಿನ ಕೀ

ನನ್ನ ಸೋದರಮಾವ ಹೋಗಬೇಕಾದ ಜಾಗವನ್ನೇ ತಲುಪಿದ್ದು ನೌಕರಿಯಲ್ಲಿದ್ದಾಗ ಮಾತ್ರ! ಆಗ ಅವರು ಸಿಟಿ ಬಸ್ಸಿನ ಡ್ರೈವರ್. ಬೋರ್ಡಿನಲ್ಲಿ ಬರೆದ ಕಡೆಗೇ ಹೋಗಬೇಕಿತ್ತು, ಪಾಪ. ನಿವೃತ್ತರಾಗಿ ಹಳೇ ಕಾರೊಂದನ್ನು ಕೊಂಡ ಮೇಲೆ ಆ ಕಟ್ಟುಪಾಡು ಯಾಕೆ? ಶ್ರೀರಂಗಪಟ್ಟಣದ ಮದುವೆಗೆಂದು ಹೊರಟು ತಲಕಾಡಿನಲ್ಲಿ ಮರಳು ತುಳಿದು ಬಂದವರು ಅವರು. ಉಡುಗೊರೆಯ ಕುಕ್ಕರ್ ಇನ್ನೂ ಡಿಕ್ಕಿಯಲ್ಲೇ ಇದೆ!

ಈಚೆಗೆ ಕಣ್ಣಿನ ಡಾಕ್ಟರು ಡ್ರೈವಿಂಗ್ ಬಿಡಿ ಅಂದರು. ಮಾವ ಊಟ ಬಿಟ್ಟರು. ಕೊನೆಗೆ ಸಂಧಾನವಾಯಿತು: ನನ್ನ ಜೊತೆ ಮಡಿಕೇರಿಗೆ ಒಂದೇ ಒಂದು ಟ್ರಿಪ್ಪು, ಟೆಂಟಿನಲ್ಲಿ ಒಂದು ರಾತ್ರಿ, ಆಮೇಲೆ ಕೀ ಅತ್ತೆಯ ಕೈಗೆ. ಇದನ್ನು ನಂಬಲು ಅತ್ತೆ ಏನು ನಿನ್ನೆ ಮದುವೆಯಾದವರೇ? ಮೈಸೂರಿನ ರಾಮಕೃಷ್ಣನಗರದ ಮನೆಯ ಗೇಟಿನಲ್ಲೇ ನನ್ನ ಕಿವಿಗೆ ಬಾಯಿಟ್ಟರು. "ಚರ್ಚಾಸ್ಪರ್ಧೇಲಿ ಕಪ್ ಮೇಲೆ ಕಪ್ ತರ್ತೀಯಲ್ಲ, ಇವರ ಹತ್ರ ಆ ಕೀ ಇಸ್ಕೊಂಡ್ ಬಾರೆ ನೋಡೋಣ. ದಾರೀಲೇ ಇಸ್ಕೋ!"

ರಿಂಗ್ ರೋಡು ಸೇರುವ ಮೊದಲೇ ಶುರು ಮಾಡಿದೆ. "ಮಾವ, ಮುಂದಿನ ಲಾರಿ ನಂಬರ್ ಓದಿ."

"ಲಾರಿ ಕಾಣ್ತಿದೆಯಲ್ಲ, ನಂಬರ್ ಯಾಕೆ? ಅವನ ಜೊತೆ ಸಂಬಂಧ ಬೆಳೆಸ್ಬೇಕೇನೆ?"

ಪೆಟ್ರೋಲ್ ಬಂಕಿನವನು ಸುಮ್ಮನಿರಬಾರದೇ? "ಊಟೀಲಿ ಈಗ ಹವಾ ಸಖತ್ತಾಗದೆ ಸಾರ್" ಅಂದ. ಕಾರು ನಂಜನಗೂಡಿನ ಕಡೆಗೆ ತಿರುಗಿತು.

"ಮಡಿಕೇರಿ?"

"ಅದೆಲ್ಲಿಗೆ ಓಡೋಗುತ್ತೆ ಬುಡು!"

ನಂಜನಗೂಡಿನಲ್ಲಿ ಬಾಳೆಹಣ್ಣು ಮಾರುವ ಅಜ್ಜಿ, "ಬೆಟ್ಟ ನೋಡಂಗಿದ್ರೆ ಬಿಳಿಗಿರಿರಂಗನ ಬೆಟ್ಟ ನೋಡಪ್ಪ" ಅಂದರು. ಊಟಿಯೂ ಹೋಯಿತು!

"ಅಷ್ಟು ಪ್ರೀತಿಯಿಂದ ಹೇಳವ್ರೆ ಕಣೆ. ಹೋಗ್ದಿದ್ರೆ ಬೇಜಾರಾಗಲ್ವಾ?"

ಹೋದೆವೋ ಇಲ್ಲವೋ ಎಂದು ಆ ಅಜ್ಜಿ ಹಿಂದೆಯೇ ಬಂದು ನೋಡುತ್ತಾರೆಯೇ? ನಾನು ನನ್ನ ವಾದದ ಎರಡನೇ ಅಂಶಕ್ಕೆ ಬರುವಷ್ಟರಲ್ಲಿ ರಸ್ತೆಯೇ ಬದಲಾಗುತ್ತಿತ್ತು. ಇಂಥ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಕಾಡಿನ ಚೆಕ್‌ಪೋಸ್ಟಿನಲ್ಲಿ ಗಾರ್ಡು ನಮ್ಮ ಟೆಂಟು ನೋಡಿ ನಕ್ಕುಬಿಟ್ಟ. "ಇದ್ರೊಳಗೆ ಮಲಗ್ತೀರಾ? ಹುಲಿಗೆ ತಿಂಡಿ ಪೊಟ್ಟಣ ಕಟ್ಟಿಟ್ಟಂಗೆ ಆಯ್ತದೆ ಸಾರ್!" ಸರಿ, ಬೆಟ್ಟದ ಮೇಲೆ ವಸತಿಗೃಹದಲ್ಲಿ ರೂಮು ಹಿಡಿದೆವು. ಆ ರೂಮಿನ ಬಾಗಿಲ ಮುಂದೆ, ಕಾಂಪೌಂಡಿನ ಒಳಗೆ, ಟೆಂಟು ಹಾಕಿಕೊಂಡು ಮಲಗಿದೆವು. ಒಳಗೆ ಮಂಚ, ಹಾಸಿಗೆ, ಫ್ಯಾನು ಎಲ್ಲ ಖಾಲಿ. "ಕ್ಯಾಂಪಿಂಗ್ ಅಂದ್ಮೇಲೆ ಕ್ಯಾಂಪಿಂಗು!" ಅಂದರು ಮಾವ, ಬೆನ್ನಿನ ಕೆಳಗಿನ ಕಲ್ಲು ಸರಿಸುತ್ತ.

ಬೆಳಿಗ್ಗೆ ಇಳಿಯುವಾಗ ಕಣಿವೆ ತುಂಬ ಬಿಳಿ ಮಂಜು. ಇನ್ನು ಬಿಟ್ಟರೆ ಕೀ ಸಿಗುವುದಿಲ್ಲವೆಂದು ನಾನು ಸಮಾರೋಪಕ್ಕೆ ಗಂಟಲು ಸರಿಮಾಡಿಕೊಂಡೆ. ಮಾವ ಅಗಲವಾದ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ, ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದರು.

"ಇಳಿ."

ವಾದ ಮಾಡಿದ್ದಕ್ಕೆ ಕಾಡಿನಲ್ಲಿ ಬಿಟ್ಟು ಹೋಗುವುದೇ! ಇಳಿದೆ. ಅವರು ಕೀಯನ್ನು ನನ್ನ ಕೈಗಿಟ್ಟರು.

"ನೀನು ಓಡ್ಸು. ಇಷ್ಟು ವರ್ಷ ಬರೀ ರಸ್ತೆನೇ ನೋಡಿದ್ದು ಕಣೆ ನಾನು. ಕಣ್ಣು ಇನ್ನೂ ಇಷ್ಟಿರೋವಾಗ್ಲೇ ಬೆಟ್ಟಾನೂ ನೋಡ್ಬುಡ್ತೀನಿ."

ಗೆದ್ದಿದ್ದೆ, ಆದರೆ ಚಪ್ಪಾಳೆ ಬೇಕೆನಿಸಲಿಲ್ಲ. ಮಾವ ಕಿಟಕಿಗೆ ಗಲ್ಲ ಊರಿ, ಬಸ್ಸಿನಲ್ಲಿ ಮೊದಲ ಸಲ ಕೂತ ಮಗುವಿನಂತೆ, ಬಿಟ್ಟ ಕಣ್ಣು ಬಿಟ್ಟಂತೆಯೇ ಕೂತಿದ್ದರು. ನಾನು ಬೇಕೆಂದೇ ನಿಧಾನವಾಗಿ ಓಡಿಸಿದೆ.

ಚಾಮರಾಜನಗರದಲ್ಲಿ ಮೈಸೂರಿನ ರಸ್ತೆ ಬಿಟ್ಟು ಗುಂಡ್ಲುಪೇಟೆಯ ಕಡೆಗೆ ತಿರುಗಿಸಿದಾಗ ಮಾವ ಬೆಚ್ಚಿದರು.

"ಲೇ, ಮೈಸೂರು ಆ ಕಡೆ ಕಣೆ! ನಿಮ್ಮತ್ತೆ ಕಾಯ್ತಿರ್ತಾಳೆ!"

"ಊಟೀಲಿ ಹವಾ ಸಖತ್ತಾಗಿದೆಯಂತೆ ಮಾವ. ಬಂಕಿನವನು ಅಷ್ಟು ಪ್ರೀತಿಯಿಂದ ಹೇಳಿದ್ದಾನೆ, ಹೋಗ್ದಿದ್ರೆ ಬೇಜಾರಾಗಲ್ವಾ?"

ಮಾವ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು.