ಅತ್ತೆ ಕ್ಷಮೆಗೆ ಸ್ಯಾಂಪಲ್ ಕೇಳಿದ್ದು

ನಮ್ಮ ಅತ್ತೆ ತಮ್ಮ ಅರವತ್ತೆರಡು ವರ್ಷದ ಬದುಕಿನಲ್ಲಿ ಯಾರನ್ನೂ ಕ್ಷಮಿಸಿದವರಲ್ಲ. ಮನುಷ್ಯರನ್ನೂ ಇಲ್ಲ, ಬನಿಯನ್ನುಗಳನ್ನೂ ಇಲ್ಲ! ಇದೇನು ನಾನು ಹೇಳುತ್ತಿರುವ ಚಾಡಿಯಲ್ಲ. ಅವರೇ ಬಂದವರಿಗೆಲ್ಲ ಕಾಫಿಯ ಜೊತೆ ಹೇಳಿಕೊಳ್ಳುತ್ತಿದ್ದ ಹೆಮ್ಮೆಯ ಮಾತು.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ತಮಿಳುನಾಡಿನ ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಮೂವತ್ತು ವರ್ಷದಿಂದ ಚೆಕಿಂಗ್ ವಿಭಾಗದ ಮೇಲ್ವಿಚಾರಕಿ. ಹೊಲಿದು ಬಂದ ಬನಿಯನ್ನುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರವಿ, ತೂತು, ಎಣ್ಣೆಕಲೆ, ಬಿಟ್ಟುಹೋದ ಹೊಲಿಗೆ ಎಲ್ಲಿದೆ ಎಂದು ಹುಡುಕಿ, ಸಿಕ್ಕಿದ ಜಾಗಕ್ಕೆ ಒಂದು ಪುಟ್ಟ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು ಅಲ್ಲಿನ ಕೆಲಸ. ಬಾಣ ಬಿದ್ದ ಬನಿಯನ್ ಹಡಗು ಹತ್ತುವುದಿಲ್ಲ. ಅತ್ತೆಯ ಕೈಯಿಂದ ಒಂದೇ ಒಂದು ತೂತು ತಪ್ಪಿಸಿಕೊಂಡು ವಿದೇಶಕ್ಕೆ ಹೋದ ಉದಾಹರಣೆಯಿಲ್ಲ.

ತೊಂದರೆ ಏನೆಂದರೆ, ಆ ಸ್ಟಿಕ್ಕರ್ ಹಾಳೆ ಅತ್ತೆಯ ಕೈಚೀಲದಲ್ಲಿ ಮನೆಗೂ ಬರುತ್ತಿತ್ತು. ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಗಣಿತದ ಪಕ್ಕ ಒಂದು ಬಾಣ. ಅಪ್ಪ ಸುಣ್ಣ ಹೊಡೆಸಿದ ಗೋಡೆಯ ಮೇಲೆ ಮೂರು ಬಾಣ. ನನ್ನನ್ನು ನೋಡಲು ಬಂದ ಹುಡುಗ ಉಪ್ಪಿಟ್ಟು ತಿಂದು, ನಮಸ್ಕಾರ ಹೇಳಿ ಹೊರಟಾಗ ಅವರ ಅಂಗಿಯ ಬೆನ್ನಿನ ಮೇಲೊಂದು ಬಾಣ, ಕಾಲರಿನ ಬಿಚ್ಚಿದ ಹೊಲಿಗೆಯ ಕಡೆಗೆ ಮುಖ ಮಾಡಿಕೊಂಡು ಕೂತಿತ್ತು. ಆ ಹುಡುಗನೇ ನನ್ನ ಗಂಡ. ಈಗಲೂ ಅತ್ತೆಯ ಮನೆಯಿಂದ ಹೊರಡುವಾಗ ಅವರ ಕೈ ತಾನಾಗಿಯೇ ಬೆನ್ನು ತಡವಿಕೊಳ್ಳುತ್ತದೆ.

ಇಂಥ ಅತ್ತೆಗೂ ನಮ್ಮಮ್ಮನಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ.

ಕಾರಣ ಒಂದು ಸೀರೆ. ಅತ್ತೆಯ ಮನೆಯ ಪಕ್ಕದಲ್ಲೇ ಅಪ್ಪ ಕಟ್ಟಿಸಿದ ನಮ್ಮ ಮನೆಯ ಗೃಹಪ್ರವೇಶಕ್ಕೆ ಅತ್ತೆ ಅಮ್ಮನಿಗೆ ಅರಗಿನ ಕಡುಗೆಂಪು ಬಣ್ಣದ ರೇಷ್ಮೆ ಸೀರೆ ತಂದಿದ್ದರು. ನಮ್ಮದು ನೇಕಾರರ ಮನೆತನ. ಸೀರೆ ಬಂದರೆ ಹೊಗಳಿ ಬೀರುವಿಗೆ ಇಡುವವರಲ್ಲ ನಾವು. ನಾಲ್ಕು ಜನ ನಾಲ್ಕು ತುದಿ ಹಿಡಿದು, ಬಿಡಿಸಿ, ಬೆಳಕಿಗೆ ಒಡ್ಡಿ ನೋಡಬೇಕು. ಅಮ್ಮನೂ ಬಿಡಿಸಿದರು. ಒಳಮಡಿಕೆಯಲ್ಲಿ ಕಡಲೆಕಾಳು ತೂರುವಷ್ಟು ಒಂದು ತೂತು! ಅಮ್ಮ ಅದರೊಳಗೆ ಕಿರುಬೆರಳು ತೂರಿಸಿ ಅಲ್ಲಾಡಿಸಿ, "ನೋಡ್ರಿ, ನಮ್ಮ ಅತ್ತಿಗೆ ಕಣ್ಣಿಗೂ ಒಂದು ತಪ್ಪಿಸ್ಕೊಂಡು ಬಂದುಬುಟ್ಟದೆ" ಎಂದು ನಕ್ಕರು. ಬೀಗರು, ನೆಂಟರು, ಅಡುಗೆಯವರು, ಪುರೋಹಿತರು, ಎಲ್ಲರೂ ನಕ್ಕರು. ಊಟಕ್ಕೆ ಹಾಕಿದ್ದ ಎಲೆಯ ಮುಂದಿನಿಂದ ಅತ್ತೆ ಎದ್ದು ಹೋದರು. ಅಷ್ಟೆ.

ಅಷ್ಟೆ ಎಂದೆನಲ್ಲ, ಅದು ಸರಿಯಲ್ಲ. ಎರಡೂ ಮನೆಗಳ ನಡುವೆ ಒಂದು ಕರಿಬೇವಿನ ಮರ ಇದೆ. ಹನ್ನೊಂದು ವರ್ಷ ಇಬ್ಬರೂ ಅದರ ಜೊತೆ ಮಾತಾಡಿದರು. "ನಾಳೆ ನೀರು ಬರಲ್ವಂತೆ, ಬೇಕಾದವ್ರು ಹಿಡ್ಕೊಬೋದು" ಎಂದು ಅತ್ತೆ ಮರಕ್ಕೆ ಹೇಳುವರು. "ಯಾರಿಗೋ ಕೆಮ್ಮು ಜಾಸ್ತಿ ಆಗಿದೆ, ಮೆಣಸಿನ ಸಾರು ಮಾಡಿಟ್ಟಿದೀನಿ" ಎಂದು ಅಮ್ಮ ಮರಕ್ಕೆ ಹೇಳುವರು. ಆಮೇಲೆ ನಾನೋ ಅಪ್ಪನೋ ಸಾರಿನ ಪಾತ್ರೆ ಹಿಡಿದುಕೊಂಡು ಮರ ದಾಟಬೇಕು. ಆ ಮರಕ್ಕೆ ನಮ್ಮ ಕುಟುಂಬದ ಗುಟ್ಟು ಪೂರ್ತಿ ಗೊತ್ತು.

ಹೀಗಿರುವಾಗ ಅಮ್ಮನ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಯಿತು. ಡಾಕ್ಟರು ಒಂದು ಕಾಗದ ಮುಂದಿಟ್ಟು, ಹೆದರಬೇಡಿ, ದನಿಯ ನರ ಅದರ ಪಕ್ಕದಲ್ಲೇ ಇರುತ್ತದೆ, ಕೆಲವರಿಗೆ ದನಿ ಒಡೆಯುತ್ತದೆ, ತೀರಾ ಅಪರೂಪಕ್ಕೆ ಹೋಗಿಬಿಡುವುದೂ ಉಂಟು, ಇಲ್ಲಿ ಸಹಿ ಮಾಡಿ ಎಂದರು. 'ಹೆದರಬೇಡಿ' ಎಂದು ಶುರುವಾಗುವ ಮಾತಿನಷ್ಟು ಹೆದರಿಸುವುದು ಬೇರೆ ಯಾವುದಿದೆ? ನಾನು ಹಾಕಿದ ಸಹಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. ಗಂಟು ಎಂಥದ್ದು ಎನ್ನುವುದು ತೆಗೆದ ಮೇಲೆ ಗೊತ್ತಾಗುತ್ತದೆ ಎಂದೂ ಹೇಳಿದರು.

ಅಪ್ಪ ಈ ಸುದ್ದಿಯನ್ನು ಕರಿಬೇವಿನ ಮರದ ಹತ್ತಿರ ನಿಂತು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರಂತೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅತ್ತೆ ತಿರುಪ್ಪೂರಿನಿಂದ ಕೊಯಮತ್ತೂರಿನಲ್ಲಿರುವ ನನ್ನ ಗಂಡನ ಮನೆಗೆ ಬಂದಿಳಿದರು. ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುವವರು, ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಕಣ್ಣು, ಅವ್ಳಿಗೆ ಮಾತು ಹೋಗ್ಬುಟ್ರೆ ಅಪ್ಪುರ ನಾನು ಯಾರ್ ಕೂಡೆ ಮಾತಾಡ್ದೆ ಇರೋದು?"

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅತ್ತೆ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಹಾಕಿಕೊಂಡೇ ಒಳಗೆ ಬಂದು ಕೂತರು.

"ಮನ್ನಿಪ್ಪು ಮಾಡ್ಬುಡಬೇಕು ಕಣ್ಣು. ಆಪರೇಷನ್‌ಗೆ ಮುಂಚೆ. ಆನಾ ಹೆಂಗೆ ಮಾಡೋದು ಗೊತ್ತಿಲ್ಲೆ. ಅಳುಕೆ ಬಂದ್ರೆ ಫೋನಲ್ಲೇ ಡಾಕ್ಟ್ರು ಇದಾರೆ ಅಂತ ನಮ್ಮ ಕಂಪೆನಿ ಒಡಿಶಾ ಹುಡ್ಗಿ ಹೇಳಿದ್ಳು. ಮನ್ನಿಪ್ಪಿಗೂ ಇರ್ತಾರಾ ನೋಡು."

ಮನ್ನಿಪ್ಪು ಎಂದರೆ ಕ್ಷಮೆ, ಅಳುಕೆ ಎಂದರೆ ಅಳು; ಅಪ್ಪುರ, ಆನಾ ಎನ್ನುವುದು ಆಮೇಲೆ, ಆದರೆ. ತಲೆತಲಾಂತರದಿಂದ ನಮ್ಮ ಮನೆಯೊಳಗೆ ಕನ್ನಡವೇ ಆದರೂ ಇಂಥ ದೊಡ್ಡ ಸರಕನ್ನೆಲ್ಲ ನಾವು ಬೀದಿಯ ತಮಿಳಿನಿಂದಲೇ ತಂದುಕೊಳ್ಳುವುದು. ಕ್ಷಮೆಯಂತೂ ಮನೆಯಲ್ಲಿ ಅಷ್ಟಾಗಿ ಬೇಕಾಗಿರಲೂ ಇಲ್ಲ.

ಆಪರೇಷನ್‌ಗೆ ಒಂಬತ್ತು ದಿನ ಇತ್ತು. ಹುಡುಕಲು ಕೂತೆವು. ಮೊದಲನೆಯ ಆ್ಯಪ್, ನಿಮ್ಮ ತೊಂದರೆ ಯಾವುದು ಎಂದು ಪಟ್ಟಿ ಕೊಟ್ಟಿತು: ನಿದ್ರೆ, ಆತಂಕ, ದಾಂಪತ್ಯ, ಉದ್ಯೋಗ. ಅತ್ತೆ ಕನ್ನಡಕ ಏರಿಸಿ ಕೇಳಿದರು, "ತಮ್ಮನ ಹೆಂಡ್ತಿ ಎಲ್ಲವ್ಳೆ ಇದ್ರಲ್ಲಿ?" ಇರಲಿಲ್ಲ. ಪಟ್ಟಿ ಮಾಡಿದವರಿಗೆ ಮನೆಮಠ ಇದ್ದಂತಿಲ್ಲ ಎಂದು ತೀರ್ಮಾನವಾಯಿತು. ಎರಡನೆಯ ಕಡೆ ಒಬ್ಬ ತಮಿಳು ಮಾತಾಡುವ ಸಮಾಲೋಚಕರು ಸಿಕ್ಕರು. ಗಂಭೀರ ಮುಖ, ಹಿಂದೆ ಪುಸ್ತಕಗಳು. ಅತ್ತೆ ಒಪ್ಪಲಿಲ್ಲ.

"ತಮಿಳಲ್ಲಿ ಬೇಡ. ನಮ್ಮ ಬೀದಿಗೆಲ್ಲ ಅರ್ಥ ಆಗ್ಬುಡ್ತದೆ. ಮತ್ತೆ ಕೋಪ ಬಂದಿದ್ದು ಕನ್ನಡದಲ್ಲಿ. ತಮಿಳಲ್ಲಿ ಹೋಗು ಅಂದ್ರೆ ಹೆಂಗೆ ಹೋಗ್ತದೆ?"

ಮತ್ತೆ ಹುಡುಕಿದೆವು. ಕೊನೆಗೆ ಕರ್ನಾಟಕದ ಯಾವುದೋ ಊರಿನ, ಕನ್ನಡದ ಒಬ್ಬ ಹುಡುಗಿ ಸಿಕ್ಕಳು. ಸಮಯ ಗೊತ್ತುಮಾಡುವ ಮುಂಚೆ ಅತ್ತೆಯದೊಂದು ಷರತ್ತು. ಆರ್ಡರ್ ಒಪ್ಪಿಕೊಳ್ಳುವ ಮೊದಲು ಕಂಪೆನಿಯವರು ಒಂದು ಸ್ಯಾಂಪಲ್ ಕಳಿಸುವುದು ತಿರುಪ್ಪೂರಿನ ಪದ್ಧತಿ. "ಅವ್ಳು ಮೊದ್ಲು ಒಂದು ಸಣ್ಣ ಮನ್ನಿಪ್ಪು ಮಾಡಿ ತೋರಿಸ್ಲಿ. ಸರಿ ಇದ್ರೆ ದೊಡ್ಡದು ಕೊಡನ." ಇದನ್ನು ಆ ಹುಡುಗಿಗೆ ಹೇಗೆ ಬರೆಯುವುದು? ಬರೆದೆ. ಅವಳೋ ಒಳ್ಳೆಯವಳು, ಮೊದಲ ಹದಿನೈದು ನಿಮಿಷ ಸುಮ್ಮನೆ ಪರಿಚಯಕ್ಕೆ ಎಂದು ಉತ್ತರಿಸಿದಳು. ಸ್ಯಾಂಪಲ್ ಸಿಕ್ಕಿತು ಎಂದು ಅತ್ತೆ ಮೆಚ್ಚಿದರು.

ಮೊದಲ ದಿನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂತೆವು. ಹುಡುಗಿ ಪರದೆಯ ಮೇಲೆ ಬಂದು, "ನಮಸ್ಕಾರ ಅಮ್ಮ. ಈ ಕ್ಷಣದಲ್ಲಿ ನಿಮ್ಮೊಳಗೆ ಯಾವ ಭಾವನೆ ಮೂಡುತ್ತಿದೆ ಎಂದು ಗಮನಿಸೋಣವೇ?" ಎಂದಳು.

ಅತ್ತೆ ನನ್ನ ಕಡೆ ತಿರುಗಿದರು. "ಏನಂತಾಳೆ?"

"ಹೊಟ್ಟೆಯೊಳಗೆ ಏನಿದೆ ಅಂತ ಕೇಳ್ತಿದಾರೆ ಅತ್ತೆ."

"ಎರಡು ಇಡ್ಲಿ."

ನಾನು ಮೈಸೂರಲ್ಲಿ ಓದಿದವಳಾದ್ದರಿಂದ ಹೀಗೆ ಕನ್ನಡದಿಂದ ಕನ್ನಡಕ್ಕೆ ದುಭಾಷಿಯಾದೆ. ಮುಕ್ಕಾಲು ಗಂಟೆಯಲ್ಲಿ ಅತ್ತೆ ಕಂಡುಹಿಡಿದದ್ದು ಒಂದೇ: ಆ ಹುಡುಗಿಯ ಹಿಂದಿದ್ದ ಕಿಟಕಿ ಪರದೆಯ ಅಂಚಿನಲ್ಲಿ ಎರಡಿಂಚು ಹೊಲಿಗೆ ಬಿಟ್ಟಿದೆ. ಅದನ್ನು ನೇರವಾಗಿ ಹೇಳಿಯೂ ಬಿಟ್ಟರು. ನಾನು ನಾಚಿಕೆಯಿಂದ ಸಕ್ಕರೆ ಡಬ್ಬ ನೋಡಿದೆ. ಹುಡುಗಿ ತಿರುಗಿ ನೋಡಿ, "ಹೌದಲ್ಲ ಅಮ್ಮ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ" ಎಂದಳು. ಅತ್ತೆಗೆ ಅವಳ ಮೇಲೆ ನಂಬಿಕೆ ಬಂದದ್ದು ಆಗಲೇ.

ಅವಳು ಮನೆಗೆಲಸವನ್ನೂ ಕೊಟ್ಟಳು. ನಾದಿನಿಯ ಮೇಲಿನ ಸಿಟ್ಟನ್ನೆಲ್ಲ ಒಂದು ಕಾಗದದಲ್ಲಿ ಬರೆಯಬೇಕು, ಕಳಿಸಬೇಕಾಗಿಲ್ಲ. ಅತ್ತೆಗೆ ಕನ್ನಡ ಅಕ್ಷರ ಬಾರದು. ತಮಿಳು ಅಕ್ಷರದಲ್ಲಿ ಕನ್ನಡವನ್ನು ಬರೆದರು, ಅದೂ ಕಂಪೆನಿಯ ಚೆಕಿಂಗ್ ರಿಪೋರ್ಟಿನ ಮೇಲೆ! ಅದರಲ್ಲಿ ದೊಡ್ಡ ತಪ್ಪು, ಸಣ್ಣ ತಪ್ಪು, ಕಾರಣ ಎಂದು ಮೂರು ಅಂಕಣ. ಸಣ್ಣ ತಪ್ಪುಗಳಲ್ಲಿ ರಸಂ ನೀರಾಗಿರುವುದು, ಬಾಗಿಲ ಮುಂದೆ ಬಿಡಿಸುವ ಕೋಲದ ಗೆರೆ ಸೊಟ್ಟಗಿರುವುದು ಹೀಗೆ ಹದಿನೇಳು ಇದ್ದವು. ದೊಡ್ಡ ತಪ್ಪು ಒಂದೇ: 'ಎಲ್ಲರ ಮುಂದೆ ಬೆರಳು ಹಾಕಿ ತೋರಿಸಿದಳು.' ಅದರ ಮುಂದೆ ಕಾರಣದ ಅಂಕಣ ಖಾಲಿ ಇತ್ತು.

ಎರಡನೆಯ ಸಲ ಕೂತಾಗ ಆಪರೇಷನ್‌ಗೆ ಉಳಿದದ್ದು ಮೂರು ದಿನ. ನಾನು ರಿಪೋರ್ಟ್ ಓದಿ ಹೇಳಿದೆ. ಹುಡುಗಿ ಪೂರ್ತಿ ಕೇಳಿಸಿಕೊಂಡು, ಒಂದೇ ಪ್ರಶ್ನೆ ಹಾಕಿದಳು. "ಅಮ್ಮ, ಆ ತೂತು ನಿಮ್ಮ ಕಣ್ಣಿಗೆ ನಿಜವಾಗಿಯೂ ಬಿದ್ದಿರಲಿಲ್ಲವೇ?"

ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಅತ್ತೆ ಫೋನನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಒಳಗಿಂದ ಹುಡುಗಿ "ಅಮ್ಮ? ಕೇಳಿಸ್ತಿದೆಯಾ?" ಎನ್ನುತ್ತಿದ್ದಳು. ನಾನು ನೀರಿನ ಲೋಟ ತಂದಿಟ್ಟೆ. ಅತ್ತೆಗೆ ಬಿ.ಪಿ. ಬೇರೆ ಇದೆ.

"ನೋಡಿದ್ದೆ ಕಣ್ಣು," ಎಂದರು ಕೊನೆಗೆ. "ಅಂಗಡೀಲೇ ನೋಡಿದ್ದೆ. ನಿಮ್ಮಮ್ಮನಿಗೆ ಅರಗು ಬಣ್ಣ ಅಂದ್ರೆ ಉಸಿರು. ಮದ್ವೆ ಆಗಿ ಬಂದಾಗಿಂದ ಕೇಳ್ತಿದ್ಳು. ಆ ಬಣ್ಣದಲ್ಲಿ ಅದೊಂದೇ ಮಿಕ್ಕಿತ್ತು. ಒಳಮಡಿಕೆ ತಾನೆ, ಉಟ್ರೆ ಕಾಣಲ್ಲ, ಅಪ್ಪುರ ಮೆಲ್ಲಗೆ ಅವ್ಳ ಕಿವೀಲಿ ಹೇಳನ ಅಂತ ತಂದೆ. ನನ್ನ ಕೈಯಿಂದ ನಾನು ಗೊತ್ತಿದ್ದೂ ಬಿಟ್ಟ ತೂತು ಅದೊಂದೇ. ಅವ್ಳಿಗೋಸ್ಕರ ಬಿಟ್ಟೆ. ಅವ್ಳೇ ಬೆರಳು ಹಾಕಿದ್ಳು."

ಹನ್ನೊಂದು ವರ್ಷ! ಇಷ್ಟನ್ನು ಹೇಳಲು ಕರಿಬೇವಿನ ಮರವಾದರೂ ಇರಲಿಲ್ಲವೇ? ಕೇಳಬೇಕೆನಿಸಿತು. ಆದರೆ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಫೋನ್ ಎತ್ತಿ ನಿಲ್ಲಿಸಿದೆ. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಇದನ್ನೇ ಅವರಿಗೆ ಹೇಳಿ ಅಮ್ಮ, ನನಗೆ ಹೇಳಿದ ಹಾಗೆಯೇ" ಎಂದಳು.

ಆಪರೇಷನ್ ದಿನ ಅತ್ತೆ ಬರುವರೋ ಇಲ್ಲವೋ ಎಂದು ನಾನು ಆಸ್ಪತ್ರೆಯ ಮೆಟ್ಟಿಲಿಗೂ ಅಮ್ಮನ ಕೋಣೆಗೂ ಎಷ್ಟು ಸಲ ಓಡಾಡಿದೆನೋ. ಎಂಟೂವರೆಗೆ ಅಮ್ಮನನ್ನು ಒಳಗೆ ಕರೆದೊಯ್ಯುತ್ತಾರೆ. ಎಂಟಾಯಿತು. ಎಂಟೂಕಾಲಾಯಿತು. ಅತ್ತೆಯ ಫೋನ್ ಎತ್ತುವವರಿಲ್ಲ. ಅಮ್ಮ ಆಸ್ಪತ್ರೆಯ ಹಸಿರು ಬಟ್ಟೆ ಹಾಕಿಕೊಂಡು, ಉಟ್ಟು ಬಂದಿದ್ದ ಸೀರೆಯನ್ನು ಮಡಿಸಿ ಕಾಲ ಬಳಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದರು. ನಾನು ಗಾಬರಿಯಲ್ಲಿ ಆ ಸೀರೆ ಯಾವುದೆಂದೂ ನೋಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತೆಲ್ಲ ಬಾಗಿಲಲ್ಲೇ ಉಳಿದುಹೋಯಿತು ಎನ್ನುವುದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಮ್ಮನನ್ನು ನೋಡಿದರು. ಸೀರೆಯನ್ನು ನೋಡಿದರು. ಅರಗಿನ ಬಣ್ಣ. ಮಾತು ಬಾರದವರು ತಮಗೆ ಬರುವ ಕೆಲಸವನ್ನು ಮಾಡಿದರು. ಸೀರೆ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಮಡಿಕೆ ಬಿಡಿಸಿ, ಅಂಗೈ ಒಳಗೆ ತೂರಿಸಿ, ಇಂಚಿಂಚೂ ನೋಡತೊಡಗಿದರು. ಒಂದು ಸುತ್ತು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸುತ್ತು ನೋಡಿದರು.

"ಸಿಕ್ತಾ ಅತ್ತಿಗೆ?" ಎಂದರು ಅಮ್ಮ ಹಾಸಿಗೆಯಿಂದ.

ಹನ್ನೊಂದು ವರ್ಷದ ಮೇಲೆ ಮರಕ್ಕಲ್ಲದೆ ಆಡಿದ ಮೊದಲ ಮಾತು.

"ಇಲ್ಲೆ ಅಮ್ಮಣಿ," ಎಂದು ಹಳೆಯ ಮುದ್ದಿನ ಹೆಸರಿನಿಂದಲೇ ಕರೆದರು ಅತ್ತೆ. "ಎಲ್ಲಿ ಹೋಯ್ತು ಅದು?"

"ಅದೇ ವಾರ ಅಂಚಿನಿಂದ ಎಳೆ ತೆಗೆದು ನೇಯ್ದುಬುಟ್ಟೆ. ನಾನೂ ಮಗ್ಗದ ಮನೆ ಮಗಳು ತಾನೆ. ನೀವು ಬಂದು ಹುಡುಕ್ತೀರಾ ಅಂತ ಕಾಯ್ತಾನೇ ಇದ್ದೆ. ಅವತ್ತು ಹಂಗೆ ನಗಬಾರದಿತ್ತು ಅತ್ತಿಗೆ."

"ನಾನು ತೂತು ನೋಡಿಯೇ ತಂದಿದ್ದೆ ಅಮ್ಮಣಿ. ನಿನಗೆ ಈ ಬಣ್ಣ ಬೇಕಿತ್ತಲ್ಲ ಅಂತ."

"ಗೊತ್ತು. ನಿಮ್ಮ ಕಣ್ಣು ತಪ್ಪುತ್ತಾ? ಎಲೆ ಬಿಟ್ಟು ನೀವು ಎದ್ದಾಗಲೇ ಗೊತ್ತಾಯ್ತು."

ನರ್ಸ್ ತಳ್ಳುವ ಹಾಸಿಗೆ ತಂದರು. ಅತ್ತೆ ಇದ್ದಕ್ಕಿದ್ದಂತೆ ಏನೋ ನೆನಪಾದವರ ಹಾಗೆ ಕೈಚೀಲ ತಡಕಾಡಿ ಸ್ಟಿಕ್ಕರ್ ಹಾಳೆ ತೆಗೆದರು. ಒಂದು ಕೆಂಪು ಬಾಣ ಕಿತ್ತು, ಅಮ್ಮನ ಕತ್ತಿನ ಮೇಲೆ, ಗಂಟಿನ ಕಡೆಗೆ ಮುಖ ಮಾಡಿ, ಮೆಲ್ಲಗೆ ಅಂಟಿಸಿದರು.

"ಈ ಒಂದು ಜಾಗ ಮಾತ್ರ ಸರಿ ಇಲ್ಲೆ," ಎಂದರು ನರ್ಸಿಗೆ. ಬಾಣದ ಮೇಲೆ ಇನ್ನೊಮ್ಮೆ ಬೆರಳು ಒತ್ತಿದರು. "ಬಾಕಿ ಎಲ್ಲ ನಾನು ನೋಡಿದೀನಿ. ಸರಿಯಾಗಿದೆ. ಡಾಕ್ಟ್ರಿಗೆ ಹೇಳಿ."

ನರ್ಸಿಗೆ ಕನ್ನಡ ಬಾರದು. ಆದರೂ ಅರ್ಥವಾಗಿರಬೇಕು, ಒಳಗಿನ ಬಾಗಿಲವರೆಗೆ ಆ ಬಾಣವನ್ನು ತೆಗೆಯಲಿಲ್ಲ.

ಗಂಟು ಕೆಟ್ಟದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಅಮ್ಮನ ದನಿ ಮಾತ್ರ ಒಡೆದಿದೆ, ಮೊದಲಿನಂತಾಗಿಲ್ಲ. ದಿನಾ ಸಂಜೆ ಕರಿಬೇವಿನ ಮರದ ಕೆಳಗೆ ಎರಡು ಕುರ್ಚಿ ಬೀಳುತ್ತವೆ. ಅಮ್ಮ ಆ ಒಡಕು ದನಿಯಲ್ಲಿ ಮಾತಾಡುತ್ತಲೇ ಇರುತ್ತಾರೆ, ಅತ್ತೆ ಕೇಳುತ್ತಲೇ ಇರುತ್ತಾರೆ. ಇಷ್ಟು ದಿನವಾದರೂ ಅತ್ತೆ ಆ ದನಿಯಲ್ಲಿ ಒಂದು ತಪ್ಪನ್ನೂ ಹಿಡಿದಿಲ್ಲ.