ಚಹಾ ಖಾಲಿ ಮಾಡಿದಾಂವ ಕೊಲಿಗಾರ

ನಮ್ಮ ಸ್ವಾದರತ್ತಿ ವಿಜಾಪುರದ ಆಚಿ ಕಾಲಿಟ್ಟಾಕಿ ಅಲ್ಲ. ಆದ್ರೂ ಇಂಗ್ಲೆಂಡಿನ ಹಳ್ಳಿಗೋಳಾಗ ಆಕಿ ಹಿಡದಷ್ಟು ಕೊಲಿಗಾರರನ್ನ ಅಲ್ಲಿ ಪೊಲೀಸರೂ ಹಿಡದಿರಾಕಿಲ್ಲ. ನಗಬ್ಯಾಡ್ರಿ, ಖರೇನ ಹೇಳಾಕತ್ತೇನಿ!

ನಾ ಸಿಂದಗಿಯೊಳಗ ಆಕಿ ಮನ್ಯಾಗಿದ್ದು ಕಾಲೇಜು ಕಲಿಯಾಕತ್ತಿದ್ದೆ. ಆಗಷ್ಟ ಓಣಿಗೆ ಕೇಬಲ್ ಬಂದಿತ್ತು. ಓಣಿ ಹೆಣ್ಮಕ್ಕಳೆಲ್ಲಾ ಅತ್ತಿ-ಸೊಸಿ ಜಗಳದ ಧಾರಾವಾಹಿಗೆ ಗಂಟುಬಿದ್ರ, ಈಕಿ ರವಿವಾರ ಮಧ್ಯಾಹ್ನ ಬರೂ ಇಂಗ್ಲಿಷ್ ಕೊಲಿ ಕಥಿಗೆ ಕುಂದರತಿದ್ಲು. ಇಂಗ್ಲಿಷ್ ಒಂದಕ್ಷರ ಬರತಿರಲಿಲ್ಲ. ಕೇಳಿದ್ರ, "ಸುಳ್ಳು ಹೇಳಾವರ ಮಾತು ತಿಳದರ ಎಷ್ಟು, ಬಿಟ್ಟರ ಎಷ್ಟು?" ಅಂತಿದ್ಲು. ಇದಕ್ಕ ನೀವೇನು ಉತ್ತರಾ ಕೊಡ್ತೀರಿ?

ಆ ಕಥಿಯೊಳಗಿನ ಹಳ್ಳಿ ನೋಡಿ ಬೆರಗಾಗತಿದ್ಲು. ಹಸರ ಹುಲ್ಲು, ಗ್ವಾಡಿ ತುಂಬ ಹೂವು, ಸೈಕಲ್ ಮ್ಯಾಲ ಬರೂ ಪಾದ್ರಿ. ಮತ್ತ ವಾರಕ್ಕೊಂದು ಹೆಣ. "ನಮ್ಮ ತವರು ಕನ್ನೊಳ್ಳ್ಯಾಗ ಜಾಲಿ ಕಂಟಿ ಬಿಟ್ರ ಏನಿಲ್ಲ ಖರೆ, ಆದ್ರ ಮಂದಿ ಜೀವಂತ ಅದಾರಪಾ" ಅಂತ ಸಮಾಧಾನ ಮಾಡಿಕೊಳ್ಳತಿದ್ಲು.

ಕೊಲಿಗಾರನ್ನ ಹಿಡಿಯೂ ಆಕಿ ವಿದ್ಯಾ ಹೇಳ್ತೇನಿ ಕೇಳ್ರಿ. ನಮ್ಮ ಕಡೆ ಸತ್ತ ಮನ್ಯಾಗ ಮಣ್ಣಾಗೂತನಕ ಒಲಿ ಹಚ್ಚೂದಿಲ್ಲ. ಬಾಜೂ ಮನಿಯವರು ಚಹಾ ಮಾಡಿ ತಂದು, ಒತ್ತಾಯ ಮಾಡಿ ಕುಡಸ್ತಾರ. ಆ ಇಂಗ್ಲೆಂಡಿನಾಗ? "ಹೆಣ ಇನ್ನಾ ಮನ್ಯಾಗ ಐತಿ, ಈ ಖೋಡಿಗೋಳು ಕಿಟ್ಲಿ ಇಟ್ಟಾವು ನೋಡು!" ಮೊದಮೊದಲು ಚಹಾ ಕುಡದಾವರೆಲ್ಲಾ ಕೊಲಿಗಾರರು ಅಂತಿದ್ಲು. ಹಂಗ ಹಿಡದರ ಇಡೀ ಊರನ್ನ ಜೇಲಿಗೆ ಹಾಕಬೇಕಾಗತಿತ್ತು. ಆಮ್ಯಾಲ ಶಾಸ್ತ್ರ ತಿದ್ದಿದ್ಲು: "ಖರೇನ ದುಃಖ ಆದಾವರು ಕಪ್ಪ ಹಿಡಕೊಂಡು ಕುಂದರತಾರ, ಗಂಟಲದಾಗ ಇಳಿಯಂಗಿಲ್ಲ. ತಳತನಕ ಕುಡದು ಇಡ್ತಾರಲ್ಲ, ಅವರ ಮ್ಯಾಲ ಕಣ್ಣಿಡು."

ಆಕಿ ಗಂಡ, ನಮ್ಮ ಮಾವ, ತೊಗರಿ ದಲ್ಲಾಳಿ. ಅಂವಗ ಯಾವಾಗಲೂ ಪಾದ್ರಿ ಮ್ಯಾಲ ಅನುಮಾನ. ಒಂದ್ಸಲ ಮುದಿ ಸಾವುಕಾರ್ತಿ ಒಬ್ಬಾಕಿ ತೋಟದಾಗ ಸತ್ತುಬಿದ್ಲು. ಆಕಿ ಅಳಿಯ ಬಿಕ್ಕಿಬಿಕ್ಕಿ ಅಳಾಕತ್ತಿದ್ದ. ತೋಟದ ಹೂವಿನ ಗಿಡ ನೋಡಿಕೊಳ್ಳೂ ಹೆಣ್ಮಗಳು ಎಲ್ಲಾರಿಗೂ ಸಮಾಧಾನ ಹೇಳಾಕತ್ತಿದ್ಲು. ಗುಟ್ಟು ಒಡಿಯೂ ಹೊತ್ತಿಗೆ ಸರಿಯಾಗಿ ಕರೆಂಟ್ ಹೋತು. ಅದೇನು ಹೊಸಾದಲ್ಲ ಬಿಡ್ರಿ, ಹಂಗಾದಾಗೆಲ್ಲಾ ಕಥಿ ಮುಗಸೂದು ಅತ್ತಿ ಕೆಲಸ.

"ಪಾದ್ರಿನ" ಅಂದ ಮಾವ.

"ನಿಮ್ಮ ತೆಲಿ. ಹೂವಿನ ಗಿಡದಾಕಿ ಕೊಂದಾಳ. ಕಪ್ಪ ಖಾಲಿ ಮಾಡಿ, ಇನ್ನಾ ಐತೇನಂತ ಕಿಟ್ಲಿ ಬಗ್ಗಿಸಿ ನೋಡಿದ್ಲು."

ಮರುದಿನ ಮುಂಜಾನೆ ಅದನ್ನ ಮತ್ತ ಹಾಕಿದ್ರು. ಹೂವಿನ ಗಿಡದಾಕಿನ! ಅರ್ಧಾಮರ್ಧಾ ಇಂಗ್ಲಿಷ್ ತಿಳಿಯೂ ನಾನೂ ಕೊಂದಾಂವ ಅಳಿಯ ಅಂತ ತಿಳಕೊಂಡಿದ್ದೆ. ಅವತ್ತಿನಿಂದ ಅತ್ತಿ ಮುಂದ ಚಹಾ ಕುಡಿಯಾಕ ನನಗ ಅಂಜಿಕಿ ಬರಾಕತ್ತಿತು.

ಮಾವ ಸೋತ ಸಿಟ್ಟಿಗೆ, "ನಾ ಸತ್ತ ದಿನಾ ನೀ ತಳತನಕ ಕುಡೀತಿ, ನನಗ ಗೊತ್ತೈತಿ" ಅಂದ.

"ಕುಡೀತೇನ್ರಿ. ಸಕ್ಕರಿ ಜಾಸ್ತಿ ಹಾಕ್ಸಿಕೊಂಡು ಕುಡೀತೇನಿ" ಅಂದ್ಲು ಅತ್ತಿ.

ಇವರ ಇಂಥಾ ಜಗಳ ದಿನಾ ಓಣಿಗೆಲ್ಲಾ ಕೇಳತಿತ್ತು.

ಕೆಲವು ವರ್ಷ ಆದ ಮ್ಯಾಲ ಒಂದು ದಿನ ಮಾವ ತೊಗರಿ ವ್ಯಾಪಾರಕ್ಕ ಝಳಕಿ ಊರಿಗೆ ಹೋಗಿ ಬಂದು ಕಟ್ಟಿ ಮ್ಯಾಲ ಕುಂತಾಂವ ಏಳಲಿಲ್ಲ.

ಸುದ್ದಿ ತಿಳದು ಓಡಿ ಬಂದೆ. ಅತ್ತಿ ಗ್ವಾಡಿಗೆ ಬೆನ್ನು ಹಚ್ಚಿ ಕುಂತಿದ್ಲು. ಓಣಿ ಹೆಣ್ಮಕ್ಕಳು ಗುಸುಗುಸು ಸುರು ಮಾಡಿದ್ರು: "ಕಣ್ಣಾಗ ಒಂದ ಹನಿ ನೀರಿಲ್ಲ ನೋಡು. ದಿನಾ ಜಗಳ ಇತ್ತಲ್ಲ, ಈಗ ಆರಾಮಾತು ಆಕಿಗೆ." ಹಿಂಗ ಅಂತಾರಲ್ಲ ಅಂತ ನನಗ ಸಂಕಟ ಆತು. ಆದ್ರ ಅವರ ಬಾಯಿ ಹೆಂಗ ಮುಚ್ಚಿಸಲಿ?

ಬಾಜೂ ಮನ್ಯಾಕಿ ಚಹಾ ತಂದ್ಲು. ಅತ್ತಿ ನನ್ನ ಹತ್ರ ಕರದು, ಸಣ್ಣ ದನೀಲೆ, "ಸಕ್ಕರಿ ಜಾಸ್ತಿ ಹಾಕ್ಸಿಕೊಂಡು ಬಾ" ಅಂದ್ಲು. ಕೇಳಿದಾವರು ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಹಾಕ್ಸಿ ತಂದು ಕೊಟ್ಟೆ. ಎರಡೂ ಕೈಲೆ ಹಿಡಕೊಂಡ್ಲು.

ಮಾವನ್ನ ಮಣ್ಣಿಗೆ ಒಯ್ಯಾಕ ಎತ್ತಿದ್ರು. ಮಂದಿ ಇನ್ನಾ ಆಕಿ ಕಣ್ಣಾಗ ನೀರು ಹುಡುಕಾಕತ್ತಿದ್ರು. ನಾ ಕಪ್ಪಿನಾಗ ನೋಡಿದೆ. ಚಹಾ ತುಂಬಿದ್ದು ತುಂಬಿದಂಗ ಇತ್ತು, ಮ್ಯಾಲ ಕೆನಿ ಕಟ್ಟಿತ್ತು.