ಹಕಾರದ ಕಾವಲು

ನಿಯಮ ಪಾಲಿಸದವರಿಗೆ ಏನೂ ಆಗುವುದಿಲ್ಲ. ಸಾಲಿನಲ್ಲಿ ನಿಲ್ಲುವವನಿಗೆ, ಹೇಳಿದ ಹೊತ್ತಿಗೆ ಹೋಗುವವನಿಗೆ, ವಾಕ್ಯ ಮುಗಿದ ಮೇಲೆ ಚುಕ್ಕಿ ಇಡುವವನಿಗೇ ಇಂಥವೆಲ್ಲ ಗಂಟುಬೀಳುವುದು. ನನಗೆ ಒಂದೂವರೆ ವರ್ಷದಿಂದ ಬಿಡದೆ ಗಂಟುಬಿದ್ದಿವೆ.

ನಾನು ಮಂಡ್ಯದ ಮನೆಯಲ್ಲೇ ಕೂತು ಕಂಪನಿಯೊಂದಕ್ಕೆ ಪ್ರೋಗ್ರಾಂ ಬರೆಯುವವನು. ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡವನ್ನು ವ್ಯಾಕರಣದ ಪುಸ್ತಕದಿಂದ ಕಲಿತೆ. ಆದ್ದರಿಂದ ನಮ್ಮ ಕಡೆಯವರೆಲ್ಲರಿಗಿಂತ ಶುದ್ಧವಾಗಿ ಕಲಿತಿದ್ದೇನೆ ಎಂದು ನಂಬಿದ್ದೆ.

ನಮ್ಮ ಮನೆಯಲ್ಲಿ ದೊಡ್ಡಮ್ಮ ಇದ್ದಾರೆ. ಅವರಿಗೆ ಕಣ್ಣು ಮಂಜು. ಅವರ ತಂಗಿ, ಎಂದರೆ ನನ್ನ ಚಿಕ್ಕಮ್ಮ, ಕಿರುಗಾವಲಿನಲ್ಲಿದ್ದಾರೆ. ಅವರಿಗೆ ಕಿವಿ ಮಂದ. ಫೋನ್ ಮಾಡಿದರೆ ತಂಗಿಗೆ ಕೇಳಿಸದು, ಬರೆದು ಕಳಿಸೋಣವೆಂದರೆ ಅಕ್ಕನಿಗೆ ಕಾಣಿಸದು. ಹಾಗಾಗಿ ದೊಡ್ಡಮ್ಮ ಹೇಳಿದ್ದನ್ನು ನಾನು ಟೈಪ್ ಮಾಡಿ ಕಳಿಸುತ್ತಿದ್ದೆ. ಚಿಕ್ಕಮ್ಮ ಅದನ್ನು ಓದಿ ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಕಳಿಸುತ್ತಿದ್ದರು. ದೊಡ್ಡಮ್ಮ “ಲೇ, ಬದ್ಕಿದ್ದೀಯೋ ಸತ್ತ್ಯೋ” ಎಂದರೆ ನಾನು “ನಿಮ್ಮ ಕ್ಷೇಮ ಸಮಾಚಾರ ತಿಳಿಸುವುದು” ಎಂದು ತಿದ್ದಿ ಬರೆಯುತ್ತಿದ್ದೆ. ಆರು ತಿಂಗಳಾಗುವಷ್ಟರಲ್ಲಿ ಚಿಕ್ಕಮ್ಮನ ಉತ್ತರ ನಿಂತೇಹೋಯಿತು. ಕೊನೆಯ ವಾಯ್ಸ್ ಮೆಸೇಜಿನಲ್ಲಿ ಇದ್ದದ್ದು ಇಷ್ಟೆ: “ನಮ್ಮಕ್ಕಂಗೆ ನನ್ ಮೇಲೆ ಮನ್ಸಿದ್ರೆ ಅವ್ಳೇ ಮಾತಾಡ್ಲಿ. ಈ ಕೋರ್ಟು ನೋಟೀಸು ನಂಗ್ ಬ್ಯಾಡ.”

ದೊಡ್ಡಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಕಾಫಿ ಕೊಡಲು ಹೋದಾಗ ಬಾಯಿ ಬಿಟ್ಟರು. “ಇರೋಳು ಒಬ್ಳೇ ತಂಗಿ ಕಣ್ಲಾ. ನಿನ್ ಯಾಕರ್ಣದಾಗೆ ಅವ್ಳ್ನ ಕಳ್ಕಂಡೆ. ನಾನು ಆಡಿದ್ದು ಆಡ್ದಂಗೇ ಅಕ್ಸರ ಆಗೋ ಮಿಸಿನ್ ಮಾಡ್ಕೊಡು, ಇಲ್ದಿದ್ರೆ ಸುಮ್ನಿದ್ದುಬುಡು.”

ಇದ್ದ ಆ್ಯಪುಗಳನ್ನೆಲ್ಲ ಹಾಕಿ ನೋಡಿದೆ. ದೊಡ್ಡಮ್ಮ ಬಾಯಿ ತೆರೆದರೆ ಅವೆಲ್ಲ ಬಾಯಿ ಮುಚ್ಚುತ್ತಿದ್ದವು. ಕೊನೆಗೆ ಕನ್ನಡದ ಮಾತನ್ನು ಅಕ್ಷರಕ್ಕಿಳಿಸುವ ಒಂದು ಓಪನ್ ಸೋರ್ಸ್ ತಂತ್ರಾಂಶ ಸಿಕ್ಕಿತು. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಯಾರಿಗೂ ಸಂಬಳವಿಲ್ಲ. ಇದನ್ನು ದೊಡ್ಡಮ್ಮನಿಗೆ ವಿವರಿಸಿದೆ.

“ಬಾಗ್ಲು ತಕ್ಕಂಡೇ ಇರೋ ಮನೆ ಅನ್ನು,” ಎಂದರು. “ಅಂಗಾರೆ ನಿನ್ನಂತೋನ್ನ ಯಾಕ್ಲಾ ಒಳೀಕ್ ಬುಟ್ಕಂಡ್ರು?”

ಖಾಲಿ ಜಾಗ

ಒಳಗೆ ಬಿಟ್ಟುಕೊಳ್ಳುವುದು ಅಷ್ಟು ಸುಲಭವಿರಲಿಲ್ಲ. ಕೋಡಿನ ತುಂಬ ತಪ್ಪುಗಳನ್ನು ಕಂಡು, ಮೂರು ವಾರ ಕೂತು ಎಲ್ಲವನ್ನೂ ತಿದ್ದಿ ಕಳಿಸಿದೆ. ಸಮುದಾಯವೇ ನಡುಗುತ್ತದೆ ಎಂದುಕೊಂಡಿದ್ದೆ. ಕನ್ನಡ ವಿಭಾಗದ ಉಸ್ತುವಾರಿಯಿಂದ ಒಂದೇ ಸಾಲಿನ ಉತ್ತರ ಬಂತು: “ನಲವತ್ತನೇ ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದೆ. ತೆಗೆದು ಮತ್ತೆ ಕಳಿಸಿ.”

ಕಂಪನಿಯ ಕೆಲಸದಲ್ಲಿ ಇದೇ ತಪ್ಪಿಗೆ ನಾನು ಎಷ್ಟೋ ಜನರ ಬೆವರಿಳಿಸಿದ್ದೇನೆ. ಆದರೆ ಅವರು ಬೇರೆ, ನಾನು ಬೇರೆ. ಕೂಡಲೇ ಆರು ಪ್ಯಾರಾದ ಪತ್ರ ಬರೆದೆ. “ಮಾನ್ಯ ಸರ್” ಎಂದು ಆರಂಭಿಸಿ, ದೊಡ್ಡಮ್ಮನ ತೊಂದರೆ, ನನ್ನ ಅನುಭವ, ನನ್ನ ಶಿಸ್ತು, ಕಣ್ಣಿಗೆ ಕಾಣದ ವಸ್ತುವೊಂದನ್ನು ತಪ್ಪೆನ್ನುವುದರ ಔಚಿತ್ಯ, ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ.

ಉತ್ತರ ಬಂತು: “ನಾನು ಸರ್ ಅಲ್ಲ, ಮೇಡಂ. ಖಾಲಿ ಜಾಗ ಇನ್ನೂ ಅಲ್ಲೇ ಇದೆ.”

ಅತ್ತು ಗಂಟೆ

ಮೇಡಂ ಮಳವಳ್ಳಿಯಲ್ಲಿ ಕಾಲೇಜಿನ ಉಪನ್ಯಾಸಕಿ ಎಂದು ಆಮೇಲೆ ತಿಳಿಯಿತು. ಈ ಕಡೆಯ ಸ್ವಯಂಸೇವಕರೆಲ್ಲ ಒಮ್ಮೆ ಸೇರೋಣವೆಂದು ಅವರೇ ಸಭೆ ಕರೆದರು. ಜಾಗ ಸೋಮನಹಳ್ಳಿಯ ಒಂದು ಲೇತ್ ವರ್ಕ್‌ಶಾಪ್. ಅದರ ಮಾಲೀಕರು ಹಗಲು ಕಬ್ಬಿಣ ತಿರುವಿ, ಬಿಡುವಿನಲ್ಲಿ ಕೋಡ್ ಬರೆಯುವವರು. ಹೊತ್ತು ಬೆಳಿಗ್ಗೆ ಹತ್ತು ಗಂಟೆ.

ಮದ್ದೂರಿನಲ್ಲಿ ಬಸ್ಸು ಬದಲಿಸಿ, ಹತ್ತಕ್ಕೆ ಹತ್ತು ನಿಮಿಷವಿರುವಾಗ ವರ್ಕ್‌ಶಾಪಿನ ಮುಂದೆ ನಿಂತೆ. ಷಟರ್ ಎಳೆದಿತ್ತು. ಹನ್ನೊಂದೂಕಾಲಿಗೆ ಮಾಲೀಕರು ಸ್ಕೂಟರಿನಲ್ಲಿ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಜವಾಗಿಯೂ ನೊಂದುಕೊಂಡರು. “ಅಯ್ಯೋ, ಅತ್ತು ಗಂಟೆ ಅಂದ್ರೆ ಅತ್ತು ಗಂಟ್ಗೇ ಬಂದ್ಬುಟ್ರಾ ಸಾ? ಯಾರೂ ಏಳ್ಲಿಲ್ವಾ ನಿಮ್ಗೆ?”

ಆ ದಿನವೇ ಒಂದು ಶಿಸ್ತು ತರಲೇಬೇಕೆಂದು ನಿರ್ಧರಿಸಿದೆ. ತಂತ್ರಾಂಶ ಕೈಕೊಟ್ಟರೆ ದೂರು ಕೊಡುವುದಕ್ಕೆ ಹದಿನಾಲ್ಕು ಪ್ರಶ್ನೆಗಳ ಒಂದು ನಮೂನೆ ತಯಾರಿಸಿ ಎಲ್ಲರಿಗೂ ಕಳಿಸಿದೆ. ಮೊದಲ ದೂರು ವರ್ಕ್‌ಶಾಪಿನಿಂದಲೇ ಬಂತು.

ನೀವು ಏನು ಮಾಡಿದಿರಿ? — ಏನೂ ಮಾಡ್ಲಿಲ್ಲ ಸಾ.
ಏನಾಗಬೇಕಿತ್ತು? — ಆಗ್ಬೇಕಿತ್ತು.
ಏನಾಯಿತು? — ಆಗ್ಲಿಲ್ಲ.
ಮಿಕ್ಕ ಹನ್ನೊಂದು ಪ್ರಶ್ನೆಗಳಿಗೆ — ಮೇಲಿನಂಗೇ.

ಇದನ್ನು ತಿರಸ್ಕರಿಸಬೇಕೆಂದು ನಾನು ಮೇಡಂಗೆ ಬರೆದೆ. ಅವರು ಅರ್ಧ ಗಂಟೆ ಪರೀಕ್ಷಿಸಿ ಕೆಳಗೆ ಷರಾ ಹಾಕಿದರು: “ದೂರು ಸರಿಯಾಗಿದೆ. ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಆ ಗುಂಡಿಯ ಕೋಡ್ ಬರೆದವರು ತಾವೇ.”

ಡೇರಿ ಮುಂದೆ ಚಿರತೆ

ಯಂತ್ರ ಮಾತು ಕಲಿಯಬೇಕಾದರೆ ಅದಕ್ಕೆ ನೂರಾರು ಜನರ ದನಿ ಕೇಳಿಸಬೇಕು. ಜನ ಒಂದೊಂದು ವಾಕ್ಯ ಓದಬೇಕು, ನಾವು ರೆಕಾರ್ಡ್ ಮಾಡಿಕೊಳ್ಳಬೇಕು. ಜನ ಒಟ್ಟಿಗೆ ಸಿಗುವ ಜಾಗ ಹಾಲಿನ ಡೇರಿ ಎಂದು ಲೆಕ್ಕ ಹಾಕಿ, ಬೆಳಿಗ್ಗೆ ಬಸರಾಳಿಗೆ ಹೋಗಿ ಡೇರಿ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ವಾಕ್ಯ ನಾನೇ ಬರೆದದ್ದು. ಹಕಾರ, ಳಕಾರ ಎರಡೂ ಪರೀಕ್ಷೆಯಾಗಲೆಂದು ಬಹಳ ಯೋಚಿಸಿ ಬರೆದದ್ದು: “ಚಿರತೆಯು ಹಳ್ಳಿಯೊಳಗೆ ಹೋಯಿತು.”

ಹಾಲು ಹಾಕಲು ಬಂದ ಮೊದಲ ಹೆಂಗಸು ಕ್ಯಾನು ಕೆಳಗಿಟ್ಟು, ಓದಿ, ನನ್ನ ಮುಖ ನೋಡಿದರು. “ಯಾವಳ್ಳಿಗೆ?”

“ಯಾವ ಹಳ್ಳಿಗೂ ಇಲ್ಲ. ಬರೀ ಓದಿ, ಸಾಕು.”

“ಅಂಗಲ್ಲ, ಎತ್ತಗೋಯ್ತು ಅಂತ ಗೊತ್ತಾಗ್ಬ್ಯಾಡ್ವಾ? ನಮ್ ಕರ ಒರಗೇ ಕಟ್ಟಿವ್ನಿ.”

ಎರಡನೆಯವರು ವಾಕ್ಯವನ್ನೇ ತಿದ್ದಿ ಓದಿದರು: “ಚಿರ್ತೆ ಅಳ್ಳಿ ಒಳೀಕೋಯ್ತು.” ಮೂರನೆಯವರು ಓದುವ ಮೊದಲೇ ಫೋನ್ ತೆಗೆದು ಮನೆಗೆ ಹೇಳಿದರು. ಒಂದು ಗಂಟೆ ಕಾಲ ಸಾಲಿನಲ್ಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಚಿರತೆ ಹಳ್ಳಿಗೆ ಹೋಯಿತೆಂದು ಗಟ್ಟಿಯಾಗಿ ಹೇಳಿ, ಖಾಲಿ ಕ್ಯಾನು ಹಿಡಿದು ತಂತಮ್ಮ ದಿಕ್ಕಿಗೆ ಹೋದರು. ಹತ್ತು ಗಂಟೆಗೆ ಕರುಗಳೆಲ್ಲ ಒಳಗೆ. ಹನ್ನೆರಡಕ್ಕೆ ಕಬ್ಬಿನ ಗದ್ದೆಗೆ ಹೋಗಿದ್ದವರೆಲ್ಲ ವಾಪಸ್ಸು. ಮೂರು ಗಂಟೆಗೆ ಅರಣ್ಯ ಇಲಾಖೆಯ ಗಾಡಿ ಬೋನು ಹೊತ್ತು ಬಂತು.

ಗಾರ್ಡಿಗೆ ನಾನು ಎಲ್ಲವನ್ನೂ ವಿವರಿಸಿದೆ. ಓಪನ್ ಸೋರ್ಸ್ ಎಂದರೇನು ಎಂಬಲ್ಲಿಂದ ಶುರುಮಾಡಿ ಹಕಾರದವರೆಗೆ ಹೇಳಿದೆ. ಆತ ತಾಳ್ಮೆಯಿಂದ ಕೇಳಿ, ಟೋಪಿ ತೆಗೆದು, ನನ್ನ ಎದುರಿನ ಕುರ್ಚಿಯಲ್ಲಿ ಕೂತ.

“ಬೋನು ಒತ್ಕೊಂಡು ಬಂದಿವ್ನಿ, ಬರೀ ಕೈಯಲ್ಲಿ ಓಗಾದಾ? ನಂದೂ ಒಂದ್ ದನಿ ತಕಳಿ.”

ಎರಡು ಕಿವಿ

ಪ್ರತಿ ದನಿಯನ್ನೂ ಇಬ್ಬರು ಕೇಳಿ, ಸರಿಯೋ ತಪ್ಪೋ ಎಂದು ಒತ್ತಬೇಕು. ಬಸರಾಳಿನ ದನಿಗಳನ್ನು ಮೊದಲು ಕೇಳಿದವನು ನಾನು. ಗಾರ್ಡಿನದೂ ಸೇರಿ ಎಲ್ಲವನ್ನೂ ತಿರಸ್ಕರಿಸಿದೆ. ಕಾರಣದ ಜಾಗದಲ್ಲಿ “ಹಕಾರ ಇಲ್ಲ” ಎಂದು ಪ್ರತಿಯೊಂದಕ್ಕೂ ಬರೆದೆ. ಶುದ್ಧ ಉಚ್ಚಾರಣೆ ಹೇಗಿರಬೇಕೆಂದು ತೋರಿಸಲು ನನ್ನ ದನಿಯಲ್ಲೂ ಅದೇ ವಾಕ್ಯವನ್ನು ಓದಿ ಸೇರಿಸಿದೆ.

ಮಳವಳ್ಳಿಯಿಂದ ಮೇಡಂ ಫೋನ್ ಮಾಡಿದರು. “ಸರ್, ನೀವು ಇಡೀ ಊರನ್ನೇ ತಿರಸ್ಕರಿಸಿದ್ದೀರಿ.”

“ಊರೇ ತಪ್ಪು ಮಾತಾಡಿದರೆ ನಾನೇನು ಮಾಡಲಿ ಮೇಡಂ?”

“ನಿಮ್ಮ ದೊಡ್ಡಮ್ಮನಿಗೋಸ್ಕರ ತಾನೇ ನೀವು ಬಂದದ್ದು? ಅವರು ಹಕಾರ ಅಂತಾರಾ?”

“ಇಲ್ಲ. ಆದರೆ ತತ್ವ ಎಂದರೆ ತತ್ವ.”

“ಸರಿ. ಹಾಗಾದರೆ ನಿಮ್ಮ ದನಿಗೂ ಅದೇ ತತ್ವ. ಕೇಳುವವರಿಗೆ ಕಳಿಸಿದ್ದೇನೆ.”

ಮರುದಿನ ಪಟ್ಟಿ ತೆರೆದು ನೋಡಿದರೆ ನನ್ನ ಹೆಸರಿನ ಮುಂದೆ ಎರಡು ಕೆಂಪು ಗುರುತು. ಮೊದಲನೆಯದು ಲೇತ್ ವರ್ಕ್‌ಶಾಪಿನದು. ಕಾರಣದ ಜಾಗದಲ್ಲಿ ಹೀಗಿತ್ತು: “ಚಿರತೆ ಹಲ್ಲಿಯೊಳಗೆ ಹೋಗಕ್ಕಾಗಲ್ಲ ಸಾ. ಚಿರತೆ ದೊಡ್ಡದು, ಹಲ್ಲಿ ಚಿಕ್ಕದು.”

ನನ್ನದೇ ದನಿಯನ್ನು ನಾನು ಆರು ಸಲ ಕೇಳಿದೆ. ಹಳ್ಳಿ ಎಂದೇ ಹೇಳಿದ್ದೇನೆ, ಏನು ತಪ್ಪು? ಏಳನೆಯ ಸಲ ಕೇಳಿಸಿತು. ಹಕಾರ ಇತ್ತು, ಗಂಟೆ ಹೊಡೆದಂತೆ ಇತ್ತು. ಳಕಾರವೇ ಇರಲಿಲ್ಲ.

ಎರಡನೆಯ ಗುರುತು ಯಾರದು ಎಂದು ನೋಡಿದೆ. ನಮ್ಮ ಮನೆಯದೇ ಫೋನ್. ಮಂಜು ಕಣ್ಣಿಗೂ ಕಾಣುವಷ್ಟು ದೊಡ್ಡ ಕೆಂಪು ಗುಂಡಿ, ಹಸಿರು ಗುಂಡಿ ಇಟ್ಟಿದ್ದವನು ನಾನೇ. ದೊಡ್ಡಮ್ಮ ಹಜಾರದಲ್ಲಿ ಅವರೆಕಾಳು ಸುಲಿಯುತ್ತ ಕೂತಿದ್ದರು.

“ನೀವಾ ದೊಡ್ಡಮ್ಮ?”

“ಊ ಕಣ್ಲಾ. ಚಿಕ್ಕೋನಾಗಿದ್ದಾಗಿಂದ ನಿಂದು ಇಂಗೇಯ. ಆವಾಗ್ಲೇ ಏಳಣ ಅಂದ್ರೆ ಇಂಗ್ಲೀಸಲ್ಲಿ ಅಳ್ತಿದ್ದೆ.”

ಕಜ್ಜಾಯ

ಬಸರಾಳಿನ ದನಿಗಳನ್ನೆಲ್ಲ ನಾನೇ ಕೂತು ಒಂದೊಂದಾಗಿ ಒಪ್ಪಿದೆ. ಆದರೆ ಪೂರ್ತಿ ಸೋಲಲಿಲ್ಲ. ಜನ ಹೇಗಾದರೂ ಆಡಲಿ, “ಬತ್ತೀನಿ” ಬತ್ತೀನಿ ಎಂದೇ ಇರಲಿ. ಬರೆಯುವಾಗ ಮಾತ್ರ ಬಿಟ್ಟುಹೋದ ಹಕಾರವನ್ನು ಯಂತ್ರ ತಾನಾಗಿ ತುಂಬಬೇಕು ಎಂದು ಒಂದು ನಿಯಮ ಬರೆದು ಕಳಿಸಿದೆ.

ಮೇಡಂ ಕೇಳಿದರು, “ಹಕಾರ ಇದ್ದರೂ ಅರ್ಥ ಬರುತ್ತೆ, ಇಲ್ಲದಿದ್ದರೂ ಅರ್ಥ ಬರುತ್ತೆ ಅನ್ನೋ ಕಡೆ ಏನು ಮಾಡುತ್ತೆ ಸರ್?”

“ಅನುಮಾನ ಬಂದಲ್ಲಿ ಹಕಾರ,” ಎಂದೆ.

“ಪ್ರಯೋಗಕ್ಕೆ ಇರಲಿ,” ಎಂದು ಅವರು ಸೇರಿಸಿಕೊಂಡರು. ಒಂದೂ ಖಾಲಿ ಜಾಗ ಉಳಿದಿರಲಿಲ್ಲ.

ಹೊಸ ಆವೃತ್ತಿಯನ್ನು ದೊಡ್ಡಮ್ಮನ ಫೋನಿಗೆ ಹಾಕಿ ಕೈಗೆ ಕೊಟ್ಟೆ. ಚಿಕ್ಕಮ್ಮ ಉತ್ತರ ಕೊಡುವುದನ್ನು ನಿಲ್ಲಿಸಿ ಆಗ ಬಹಳ ದಿನವಾಗಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು, ತಂಗಿ ಎದುರಿಗೇ ಕೂತಿದ್ದಾರೆಂಬಂತೆ ಫೋನಿಗೆ ಹೇಳಿದರು: “ಲೇ, ನಾನೇ ಕಣೆ. ನಾಳೆ ಬತ್ತೀನಿ. ಕಜ್ಜಾಯ ಮಾಡವ. ಮೂರ್ ಸೇರು ಅಕ್ಕಿ ನೆನೆಯಾಕು.” ಕಳಿಸುವ ಹಸಿರು ಗುಂಡಿ ಒತ್ತಿಯೇಬಿಟ್ಟರು.

ನಾನು ಇಣುಕಿ ನೋಡಿದೆ. ಪರದೆಯ ಮೇಲೆ ಸ್ಪಷ್ಟವಾಗಿತ್ತು: “ಲೇ, ನಾನೇ ಕಣೆ. ನಾಳೆ ಬತ್ತೀನಿ. ಕಜ್ಜಾಯ ಮಾಡವ. ಮೂರು ಸೇರು ಹಕ್ಕಿ ನೆನೆ ಹಾಕು.”

ಇಷ್ಟು ದಿನದ ಮೇಲೆ ಅಕ್ಕ ತಾನಾಗಿ ಬರೆದ ಮೊದಲ ಪತ್ರ, ಅದರಲ್ಲಿ ಸೇರುಗಟ್ಟಲೆ ಹಕ್ಕಿ. ಗೇಲಿ ಮಾಡುತ್ತಿದ್ದಾಳೆ ಎಂದುಕೊಂಡರೆ ಚಿಕ್ಕಮ್ಮ ಮತ್ತೆಂದೂ ಫೋನ್ ಮುಟ್ಟುವುದಿಲ್ಲ. ತಿದ್ದೋಣವೆಂದು ಕೈ ಚಾಚುವಷ್ಟರಲ್ಲಿ ಫೋನ್ ಟಿಂಗ್ ಎಂದಿತು. ಚಿಕ್ಕಮ್ಮನ ದನಿ: “ಯಾವಕ್ಕಿ?”

ಅಕ್ಕಿಯೋ, ಹಕ್ಕಿಯೋ? ನನ್ನ ಕಿವಿಗೆ ಗೊತ್ತಾಗಲಿಲ್ಲ. ದೊಡ್ಡಮ್ಮ ಹಿಗ್ಗಿಹೋದರು. “ಮಾತಾಡುದ್ಲು ಕಣ್ಲಾ!” ಎಂದವರೇ ಮತ್ತೆ ಗುಂಡಿ ಒತ್ತಿ, “ದಪ್ಪಕ್ಕಿ ಕಣೆ, ಕಲ್ಲು ಆರ್ಸಿ, ಚೆಂದಾಗಿ ತೊಳ್ದು ಆಕು,” ಎಂದರು. “ದಪ್ಪ ಹಕ್ಕಿ” ಎಂದು ನನ್ನ ನಿಯಮ ನಿಷ್ಠೆಯಿಂದ ಬರೆದು ಕಳಿಸಿತು.

ಮರುದಿನ ಬೆಳಿಗ್ಗೆಯೇ ದೊಡ್ಡಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಕಿರುಗಾವಲಿಗೆ ಹೊರಟೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಹೋಗಿ ನೋಡಿದರೆ ಅಕ್ಕ ತಂಗಿ ಬಾಗಿಲಲ್ಲೇ ಒಬ್ಬರ ಕೈ ಒಬ್ಬರು ಹಿಡಿದು ಅಳುತ್ತ, ಬಯ್ದುಕೊಳ್ಳುತ್ತ ನಿಂತುಬಿಟ್ಟರು. ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ. ಅದರ ತುಂಬ ನೀರು, ನೀರಿನಲ್ಲಿ ಮೂರು ಸೇರು ದಪ್ಪಕ್ಕಿ.

ನನಗೆ ತಡೆಯಲಾಗಲಿಲ್ಲ. ಚಿಕ್ಕಮ್ಮನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: “ಚಿಕ್ಕಮ್ಮ, ಅದರಲ್ಲಿ ಹಕ್ಕಿ ಅಂತಲ್ಲವಾ ಬರೆದಿದ್ದದ್ದು?”

“ಊ ಕಣಪ್ಪ,” ಎಂದರು ಚಿಕ್ಕಮ್ಮ. ಸೊಂಟದಿಂದ ಫೋನ್ ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ನನಗೆ ಓದಿ ತೋರಿಸಿದರು. “ಮೂ-ರು ಸೇ-ರು ಅ-ಕ್ಕಿ. ನೋಡು, ಕಣ್ ಕಾಣ್ದಿದ್ರೂ ನಮ್ಮಕ್ಕ ಒಂದಕ್ಸರ ತಪ್ಪಿಲ್ದಂಗೆ ಬರ್ದವಳೆ!”